ಕಾಗದದ ಮಿದುಳು, ತಮ್ಮನ ತಕರಾರು

ಬೆಳಕು ಹರಿಯುವ ಹೊತ್ತು. ಅಡುಗೆಮನೆಯ ಮೇಜಿನ ಮೇಲಿನ ತಟ್ಟೆ ಲೋಟಗಳೆಲ್ಲ ಒಂದು ಮೂಲೆಗೆ ಸರಿದಿವೆ. ಮಧ್ಯದಲ್ಲಿ ಅಂಗೈ ಅಗಲದ ಕಪ್ಪು ಕಾಗದ. ಬೈಂಡಿಂಗ್ ಅಂಗಡಿಯಲ್ಲಿ ದುಡಿಯುವ ಅಕ್ಕ ಉಸಿರು ಬಿಗಿಹಿಡಿದು ಅದರ ಮೇಲೆ ಕಟ್ಟರ್ ಓಡಿಸುತ್ತಿದ್ದಾರೆ. ಅಂಕುಡೊಂಕು ಸುರುಳಿಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತಿವೆ. ಹೂವಲ್ಲ, ನವಿಲಲ್ಲ, ಅದು ಮನುಷ್ಯನ ಮಿದುಳು. ಎದುರು ಕುಳಿತ ತಮ್ಮ ಒಂದು ಕಣ್ಣು ಮುಚ್ಚಿ ಅದನ್ನೇ ಅಳೆಯುತ್ತಿದ್ದಾನೆ. ಇವರಿಬ್ಬರನ್ನು ಕಾಣಲು ಬಂದ ನಾನು ಬಾಗಿಲ ಬಳಿ ಕುಳಿತಿದ್ದೇನೆ.

“ಎಡಗಡೆ ಸುರುಳಿ... ಸಣ್ಣಗಾಯ್ತು.”

“ಆಯ್ತಪ್ಪಾ, ನೀನೇ ಕೂತು ಕತ್ತರಿಸು,” ಎನ್ನುತ್ತಾರೆ ಅಕ್ಕ. ಮುಖದಲ್ಲಿ ಮಾತ್ರ ಕೋಪದ ಸುಳಿವೇ ಇಲ್ಲ. ತಮ್ಮನ ಬಾಯಿಂದ ಇಂಥದೊಂದು ಮಾತು ಕೇಳಲು ಅವರು ತಿಂಗಳುಗಟ್ಟಲೆ ಕಾದಿದ್ದಾರೆ.

ತಮ್ಮನದು ಸ್ವಂತ ಸಲೂನ್. ಕತ್ತರಿಗಿಂತ ನಾಲಿಗೆಯೇ ಚುರುಕು ಎಂದು ಗಿರಾಕಿಗಳು ರೇಗಿಸುತ್ತಿದ್ದರು. ತಲೆಯೊಳಗೆ ಗಡ್ಡೆ ಬೆಳೆದು ಆಪರೇಷನ್ ಆಯಿತು. ಜೀವ ಉಳಿಯಿತು, ಮಾತು ಹೋಯಿತು. ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರು.

“ಸ್ಕ್ಯಾನ್ ಫಿಲಂ ತೋರ್ಸಿ ಏನೇನೋ ವಿವರಿಸಿದ್ರು,” ಎನ್ನುತ್ತಾರೆ ಅಕ್ಕ. “ನಂಗೆ ತಲೆಬುಡ ಅರ್ಥ ಆಗ್ಲಿಲ್ಲ. ಕಾಗದದಲ್ಲಿ ಕತ್ತರಿಸಿ ನೋಡಿದ್ರೆ ಗೊತ್ತಾಗುತ್ತೇನೋ ಅನ್ನಿಸ್ತು. ನಂಗೆ ಬರೋದು ಅದೊಂದೇ ಅಲ್ವಾ.”

ಅಂದಿನಿಂದ ಅಂಗಡಿಯಲ್ಲಿ ಉಳಿದ ರಟ್ಟಿನ ಹೊದಿಕೆ ಕಾಗದವೆಲ್ಲ ಮನೆಗೆ ಬರುತ್ತಿದೆ. ದಿನಕ್ಕೊಂದು ಹಾಳೆ, ಅಂಗಡಿಗೆ ಹೊರಡುವ ಮುಂಚೆ. ಎಲ್ಲಾದರೂ ಒಂದು ಎಳೆ ಕಡಿದರೆ ಅಂಟಿಸುವುದಿಲ್ಲ, ಮರುದಿನ ಹೊಸದು. “ದಿನವಿಡೀ ಪುಸ್ತಕಕ್ಕೆ ಅಂಟು ಬಳಿಯೋದೇ ಆಗಿದೆ. ಇಲ್ಲೂ ಅದೇನಾ?” ಕತ್ತರಿಸಿದ್ದನ್ನೆಲ್ಲ ಕಿಟಕಿಗೆ ಕಟ್ಟಿದ ದಾರಕ್ಕೆ ಸಿಕ್ಕಿಸುತ್ತಿದ್ದರು. ತಮ್ಮ ಸುಮ್ಮನೆ ನೋಡುತ್ತಿದ್ದ, ಅಷ್ಟೇ.

ಒಂದು ಬೆಳಿಗ್ಗೆ ಅಂಗಡಿಗೆ ತಡವಾಗಿತ್ತು. ಅಕ್ಕ ಹಾಳೆಯನ್ನು ನಡುವೆ ಮಡಿಸಿ ಅರ್ಧವನ್ನಷ್ಟೇ ಕತ್ತರಿಸಿದರು. ಬಿಡಿಸಿದರೆ ಎಡ ಬಲ ಎರಡೂ ಒಂದೇ ಅಚ್ಚು. ಅಂದವಾಗಿಯೇ ಇತ್ತು. ದಾರಕ್ಕೆ ಸಿಕ್ಕಿಸುವಾಗ ತಮ್ಮ ಎದ್ದು ಬಂದ. ಗಿರಾಕಿಯ ಎರಡು ಕಿವಿಗಳ ಪಕ್ಕದ ಕೂದಲು ಸಮವಾಗಿದೆಯೇ ಎಂದು ಕನ್ನಡಿಯಲ್ಲಿ ನೋಡಿ ಪಳಗಿದ ಕಣ್ಣು ಅವನದು. ಕಾಗದದ ಎಡಭಾಗ ಮುಟ್ಟಿದ. ಆಮೇಲೆ ತನ್ನ ತಲೆಯ ಹೊಲಿಗೆಯ ಗುರುತನ್ನು ಮುಟ್ಟಿಕೊಂಡ.

“ನಂದು... ಹೀಗಿಲ್ಲ.”

“ನಾನು ನೆಲದ ಮೇಲೆ ಕೂತ್ಬಿಟ್ಟೆ,” ಎಂದು ನೆನೆಯುತ್ತಾರೆ ಅಕ್ಕ. “ಅಳೂ ಬಂತು, ನಗೂ ಬಂತು. ಅಂತೂ ಬಾಯಿ ಬಿಟ್ಟ. ಬಿಟ್ಟಿದ್ದೇ ತಕರಾರಿಗೆ.”

ಅದಾದ ಮೇಲೆ ಮಾತುಗಳು ಒಂದೊಂದಾಗಿ, ತಡವರಿಸುತ್ತಾ ಮರಳುತ್ತಿವೆ. ಕಳೆದ ವಾರ ಮತ್ತೆ ಸ್ಕ್ಯಾನ್ ಆಯಿತು. ಗಡ್ಡೆಯ ಸುಳಿವಿಲ್ಲ. ಮರುದಿನ ಮನೆಯವರೆಲ್ಲ ಹೊತ್ತೇರುವವರೆಗೂ ನಿದ್ದೆ ಮಾಡಿದರಂತೆ. ಕೇಳಿ ನನಗೂ ಎದೆ ಹಗುರಾಯಿತು.

ಇವನ್ನೆಲ್ಲ ಪ್ರದರ್ಶನಕ್ಕಿಡುವ ಆಸೆಯಿಲ್ಲವೇ ಎಂದು ಕೇಳುತ್ತೇನೆ. ಅಕ್ಕ ಕಾಗದದ ಚೂರುಗಳನ್ನು ಸೆರಗಿನಿಂದ ಕೊಡವುತ್ತಾರೆ.

“ನಾಲ್ಕು ಜನ ನೋಡಿದ್ರೆ ಸಂತೋಷಾನೇ. ನೋಡ್ದಿದ್ರೂ ಪರ್ವಾಗಿಲ್ಲ. ಇವ್ನು ಹೀಗೇ ದಿನಾ ತಪ್ಪು ಹುಡುಕ್ತಾ ಇರ್ಲಿ, ಅಷ್ಟು ಸಾಕು.”

“ಹುಡುಕೋದು ಬೇರೆ ಬೇಕಾ,” ಎನ್ನುತ್ತಾನೆ ತಮ್ಮ, ನಿಧಾನವಾಗಿ, ಒಂದು ಅಕ್ಷರವನ್ನೂ ನುಂಗದೆ. “ಎದ್ದು ಕಾಣ್ತಿದೆ.”