ಬ್ಯಾನ್ ಮಾಡಿದ ಪುಣ್ಯ

ಪೀಣ್ಯದ ಸಣ್ಣಪುಟ್ಟ ವರ್ಕ್‌ಶಾಪ್‌ನವರು ಮೆಷಿನ್ ಕೆಟ್ಟಾಗ ಸಲಹೆ ಕೇಳಲಿಕ್ಕೆ ಒಂದು ಆನ್‌ಲೈನ್ ಫೋರಂ ಇದೆ. ಬೇರಿಂಗ್ ಅಂಗಡಿ ಇಟ್ಟುಕೊಂಡು ಸುಖವಾಗಿದ್ದ ನಾನು ಅದಕ್ಕೆ ಅಡ್ಮಿನ್ ಆದೆ. ಸಂಬಳ ಇಲ್ಲ, ಬೈಗುಳಕ್ಕೆ ಮಾತ್ರ ಬರ ಇಲ್ಲ.

ಬೈಯುವುದರಲ್ಲಿ ಲೇತ್ ಶಾಪಿನ ಓನರ್ ರುದ್ರಪ್ಪನವರದು ಎತ್ತಿದ ಕೈ. ಯಾರೋ ಪಾಪ, "ಮೋಟರ್ ಸದ್ದು ಮಾಡ್ತಿದೆ, ಏನ್ಮಾಡ್ಲಿ?" ಅಂತ ಕೇಳಿದರೆ, ಈ ಮಹಾನುಭಾವರು ಮೋಟರ್ ಬಿಟ್ಟು ಕೇಳಿದವನ ವಂಶವನ್ನೇ ಜಾಲಾಡುತ್ತಿದ್ದರು. ತಿಳಿಹೇಳಲು ಹೋದರೆ ನನಗೇ ಮಂಗಳಾರತಿ. ಕೊನೆಗೆ ಅವರನ್ನು ಬ್ಯಾನ್ ಮಾಡಿ, ಲೋಕಕಲ್ಯಾಣ ಮಾಡಿದ ತೃಪ್ತಿಯಲ್ಲಿ ಕಾಫಿ ಕುಡಿದೆ.

ಮುಂದಿನ ವಾರ ಆಯಿಲ್ ಮೆತ್ತಿದ ಯೂನಿಫಾರ್ಮಿನಲ್ಲಿ ಒಬ್ಬ ಹೆಂಗಸು ಅಂಗಡಿಗೆ ಬಂದರು. ಹೆಸರು ಮಂಜುಳಾ, ರುದ್ರಪ್ಪನವರ ಶಾಪಿನ ಸೂಪರ್‌ವೈಸರ್ ಅಂತೆ.

"ಸಾರ್, ನಮ್ ಓನರ್‌ನ ವಾಪಸ್ ಸೇರಿಸ್ಕೊಳ್ಳಿ. ಕೈ ಮುಗೀತೀನಿ."

"ಅವರು ಹೆಂಗೆ ಬೈತಾರೆ ಗೊತ್ತೇನಮ್ಮಾ?"

"ಗೊತ್ತಿಲ್ದೇ ಏನ್ ಸಾರ್? ಮುಂಚೆ ಬೆಳಗ್ಗೆ ಫೋನ್ ಹಿಡ್ಕೊಂಡು ಕೂತ್ರೆ ಸಂಜೆವರೆಗೂ ನಿಮ್ಮನ್ನೆಲ್ಲಾ ಬೈಕೊಂಡು ಆರಾಮಾಗಿರೋರು. ನಾವೂ ನೆಮ್ಮದಿಯಾಗಿ ಕೆಲಸ ಮಾಡ್ತಿದ್ವಿ. ನೀವು ಬ್ಯಾನ್ ಮಾಡಿದ್ಮೇಲೆ ಅಷ್ಟೂ ನಮ್ಮ ಮೇಲೆ! ಆಗ್ಲೇ ಇಬ್ರು ಕೆಲಸ ಬಿಟ್ಟು ಹೋದ್ರು."

ಫೋನ್ ಕೈಗೆತ್ತಿಕೊಂಡು ಅವರೆದುರೇ ಬ್ಯಾನ್ ತೆಗೆದೆ. ಕಾಯುತ್ತಾ ಕೂತಿದ್ದರೇನೋ, ರುದ್ರಪ್ಪನವರ ಪೋಸ್ಟ್ ತಕ್ಷಣ ಬಂತು: "ಈ ಅಡ್ಮಿನ್‌ಗೆ ನಟ್ಟೂ ಗೊತ್ತಿಲ್ಲ, ಬೋಲ್ಟೂ ಗೊತ್ತಿಲ್ಲ. ಶುದ್ಧ ಮುಠ್ಠಾಳ."

ಅದಕ್ಕೆ ಬಿದ್ದ ಮೊದಲ ಲೈಕ್ ಮಂಜುಳಾ ಅವರದು. ನನ್ನೆದುರೇ ನಿಂತು ಒತ್ತಿದರು. ಆಮೇಲೆ "ತುಂಬಾ ಉಪಕಾರ ಆಯ್ತು ಸಾರ್" ಅಂದು ಹೊರಟರು.