ಸೀಟು ತುಂಬಿದೆ ಎಂದೆ

ನಾನು ಮಾಡಬೇಕಾಗಿದ್ದುದು ಒಂದೇ ಕೆಲಸ. ತಂಗಿಯ ಕಾಲೇಜು ಫಾರ್ಮಿನಲ್ಲಿ ನಾಲ್ಕನೆಯ ವಿಷಯದ ಜಾಗಕ್ಕೆ ಜೀವಶಾಸ್ತ್ರ ಎಂದು ಬರೆಸುವುದು. ನಾನು ಬರೆಸಲಿಲ್ಲ. ಮರೆತೆನೆಂದಾಗಲಿ, ಹೆಚ್ಚು ಓದದವಳು ಗೊಂದಲಕ್ಕೆ ಬಿದ್ದಳೆಂದಾಗಲಿ ಯಾರೂ ತಿಳಿಯಬಾರದು. ಗೊತ್ತಿದ್ದೇ ಬೇರೆಯದನ್ನು ಬರೆಸಿದೆ. ಮನೆಗೆ ಬಂದು ಸುಳ್ಳು ಹೇಳಿದೆ.

ನನ್ನ ಓದು ಐದನೆಯ ತರಗತಿಗೆ ಮುಗಿಯಿತು. ಅವ್ವ ತೀರಿಕೊಂಡಾಗ ತಂಗಿ ಇನ್ನೂ ಅಂಬೆಗಾಲಿಡುತ್ತಿದ್ದಳು. ಅಪ್ಪ ಬೀದರಿನಲ್ಲಿ ವಾಚ್‌ಮನ್, ವಾರಕ್ಕೊಮ್ಮೆ ನಮ್ಮೂರು ಔರಾದಿಗೆ ಬಂದು ಹೋಗುತ್ತಿದ್ದ. ನಾನು ಪಾಟಿಚೀಲವನ್ನು ಗೂಟಕ್ಕೆ ಹಾಕಿ ಕೂಸನ್ನು ಸೊಂಟಕ್ಕೇರಿಸಿಕೊಂಡೆ. ಮುಂದೆ ಹೊಲಿಗೆ ಕಲಿತೆ. ನಮ್ಮ ಓಣಿಯ ಹೆಂಗಸರ ಜಂಪರುಗಳೆಲ್ಲ ನನ್ನ ಮಷಿನ್ನಿನ ಸೂಜಿಯ ಕೆಳಗೆ ಹಾದುಹೋಗಿವೆ. ಹೊಲಕ್ಕೆ ಹೋಗುವವರ ಜಂಪರು ಬೆನ್ನಿನಲ್ಲಿ ಬಣ್ಣ ಕಳೆದುಕೊಳ್ಳುತ್ತದೆ, ಕಂಕುಳಲ್ಲಿ ಹರಿಯುತ್ತದೆ. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬಾಕೆ ನನ್ನಲ್ಲಿಗೆ ಬರುತ್ತಿದ್ದಳು. ಆಕೆಯ ಜಂಪರು ತೋಳಿನ ಅಂಚಿನಲ್ಲಿ ಮಾತ್ರ ಸವೆದಿರುತ್ತಿತ್ತು. ಮೇಜಿಗೆ ತಾಗಿ ಸವೆದದ್ದು. ನನ್ನ ತಂಗಿಯ ಜಂಪರೂ ಅಲ್ಲಿಯೇ ಸವೆಯಬೇಕು ಎಂದು ಎಷ್ಟೋ ಸಲ ಅಂದುಕೊಂಡಿದ್ದೆ.

ಅವಳಿಗೆ ಬೇರೆಯೇ ಹುಚ್ಚು. ಚಿಂತಾಕಿ ಎಂಬ ಹಳ್ಳಿಯ ಸೋದರತ್ತೆಯ ಮನೆಗೆ ಹೋದಾಗ ದನದ ಡಾಕ್ಟರ್ ಒಬ್ಬಾಕೆ ಆಕಳಿನ ಗಾಯ ಹೊಲಿಯುವುದನ್ನು ನೋಡಿ ಬಂದಿದ್ದಳು.

"ಅಕ್ಕಾ, ಥೇಟ್ ನಿನ್ನಂಗೇ ಹೊಲಿಗಿ ಹಾಕಿದ್ಳು. ನಾ ದನದ ಡಾಕ್ಟರ್ ಆಗ್ತೇನಿ. ಆ ಕಾಲೇಜು ದೂರ ಏನಿಲ್ಲ, ಬೀದರದಾಗೇ ಅದ."

"ಮಂದಿ ಡಾಕ್ಟರ್ ಆಗು ಅಂದ್ರ ದನದ್ದು ಅಂತಿ. ನಾಳಿ ನಿನ್ನ ನೋಡ್ಲಾಕ ಬಂದವ್ರು ಚಾ ಕುಡೀತಾರೇನು? ನಿನ್ನ ಕೈ ವಾಸನಿಗೇ ಎದ್ದು ಹೋಗ್ತಾರ."

"ಹೋಗ್ಲಿ ಬಿಡು. ನಮ್ಮ ಎಮ್ಮಿ ಒಂದಿನಾನೂ ನನ್ನ ಕೈ ಮೂಸಿ ಮಾರಿ ತಿರುವಿಲ್ಲ."

ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ಬಂದವು. ಹಾಸ್ಟೆಲ್ ಇರುವ ಭಾಲ್ಕಿಯ ಕಾಲೇಜೊಂದರಲ್ಲಿ ವಿಜ್ಞಾನ ಓದುವುದೆಂದು ಗಟ್ಟಿಯಾಯಿತು. ಪಾಲಕರ ಜಾಗದಲ್ಲಿ ಯಾರ ಹೆಸರು ಎಂದಾಗ ಅಪ್ಪ, "ನಿಮ್ಮಕ್ಕಂದೇ ಬರಿ. ನಿನ್ನ ಸಾಕಿದಾಕಿ ಅಕೀನೇ" ಎಂದ. ಆ ಮಾತು ನನ್ನ ತಲೆಗೇರಿತು ಎಂದು ಈಗ ಅನ್ನಿಸುತ್ತದೆ.

ಫಾರ್ಮು ಕೊಡುವ ಕೊನೆಯ ದಿನ ಇಬ್ಬರೂ ಹೋಗುವವರಿದ್ದೆವು. ಬೆಳಗಿನಿಂದಲೇ ಎಮ್ಮೆ ಕರು ಹಾಕಲು ಒದ್ದಾಡತೊಡಗಿತು. ನೆಲಕ್ಕೆ ಬೀಳುವುದು, ಏಳುವುದು. ತಂಗಿ ಲಂಗ ಎತ್ತಿ ಕಟ್ಟಿ ಅದರ ಹಿಂದೆ ಕುಳಿತುಬಿಟ್ಟಳು. "ಇದ್ನ ಬಿಟ್ಟು ನಾ ಬರಲ್ಲ. ಎಲ್ಲಾ ತುಂಬೀನಿ, ನಾಕನೇ ವಿಷಯ ಒಂದು ಕೌಂಟರದಾಗ ಕೇಳಿ ಬರ್ಕೋತಾರ. ಬಯಾಲಜಿ ಅನ್ನು. ಇನ್ನೊಂದ್ಸಲ ಅನ್ನು, ಅಕ್ಕಾ."

"ಬಯಾಲಜಿ," ಎಂದೆ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದನ್ನೇ ಜಪಿಸುತ್ತ ಹೋದೆ.

ಭಾಲ್ಕಿಯಲ್ಲಿ ಪಾಳಿ ಉದ್ದವಿತ್ತು. ಕಿಟಕಿಯ ಒಳಗೆ ಗುಮಾಸ್ತರ ಹಿಂದೆ ಒಬ್ಬ ಹುಡುಗಿ ಕಂಪ್ಯೂಟರ್ ಮುಂದೆ ಕುಳಿತಿದ್ದಳು. ತಲೆಯ ಮೇಲೆ ಫ್ಯಾನು. ಇಸ್ತ್ರಿ ಮಾಡಿದ ಬಟ್ಟೆ. ನಾನು ಅವಳನ್ನೇ ನೋಡುತ್ತ ನಿಂತೆ. ನನ್ನ ಕೈಯಲ್ಲಿ ಬೆಳಗಿನ ಎಮ್ಮೆಯ ವಾಸನೆ ಇನ್ನೂ ಇತ್ತು. ನನ್ನ ಪಾಳಿ ಬಂತು.

"ನಾಕನೇದು ಏನ್ ಬರೀಲಿ ತಾಯಿ? ಬಯಾಲಜಿಯೋ, ಕಂಪ್ಯೂಟರೋ?"

"ಕಂಪ್ಯೂಟರ್ ಬರೀರಿ."

ಗುಮಾಸ್ತರು ಪೆನ್ನು ಎತ್ತಿ ಹಿಡಿದರು. "ಹುಡುಗಿಗಿ ಕೇಳೀರಿ? ಬಯಾಲಜಿ ಬಿಟ್ರ ಮುಂದ ಡಾಕ್ಟರಕಿ ಏನೂ ಬರಲ್ಲ. ಮಂದೀದೂ ಇಲ್ಲ, ದನದ್ದೂ ಇಲ್ಲ."

"ಅಕೀನೇ ಹೇಳ್ಯಾಳ್ರೀ."

ಪುಣ್ಯಾತ್ಮರು ಅಷ್ಟು ಬಿಡಿಸಿ ಹೇಳಿದ್ದರು. ಅದಕ್ಕೇ ಗೊತ್ತಿರಲಿಲ್ಲ ಎಂದು ನಾನು ಹೇಳಲಾರೆ.

ಮನೆಗೆ ಬಂದಾಗ ಕರು ಆಗಲೇ ಎದ್ದು ನಿಂತು ನಡುಗುತ್ತಿತ್ತು. ತಂಗಿಯ ಕೈ ಮೊಣಕೈವರೆಗೆ ರಕ್ತ, ಮುಖದ ತುಂಬ ನಗು. "ಒಂದ್ ಕಾಲು ಒಳಗ ಮಡಚಿತ್ತಕ್ಕಾ! ಮೆಲ್ಲಗ ಕೈ ಹಾಕಿ ಸೀದಾ ಮಾಡಿ ಎಳದೆ. ಬಾಜು ಮನಿ ಕಾಕಾ ಸುದ್ದಾ ಶಾಬಾಸ್ ಅಂದ. ಬಯಾಲಜಿ ಬರಸ್ದಿ ಅಲ್ಲ?"

"ಸೀಟು ತುಂಬ್ಯಾವಂತ. ಕಂಪ್ಯೂಟರ್ ಸಿಕ್ತು."

ಅವಳ ನಗು ಒಮ್ಮೆಗೇ ಹೋಗಲಿಲ್ಲ, ಸ್ವಲ್ಪ ಹೊತ್ತು ಹಾಗೆಯೇ ಇತ್ತು. ಆಮೇಲೆ ಬಕೆಟ್ಟಿನ ಹತ್ತಿರ ಹೋಗಿ ಕೈ ತೊಳೆದುಕೊಂಡಳು. ಬಹಳ ಹೊತ್ತು ತೊಳೆದಳು. "ನಂದೇ ತಪ್ಪು. ಮುಂಜಾನಿ ಜಲ್ದಿ ಹೋಗಿದ್ರ ಸಿಗ್ತಿತ್ತು," ಎಂದಳು. ಕರುವಿನ ಹಣೆ ತೀಡಿ, "ನಿನ್ನ ಸಲಾಗಿ ಹೋಯ್ತು ನೋಡು ನನ್ನ ಸೀಟು," ಎಂದು ಅದಕ್ಕೂ ಹೇಳಿದಳು. ನಾನು ಒಲೆ ಹೊತ್ತಿಸುವ ನೆವದಲ್ಲಿ ಒಳಗೆ ಹೋದೆ.

ಆಗಲೂ ತಿದ್ದಬಹುದಾಗಿತ್ತು. ಕಾಲೇಜು ಶುರುವಾಗಿ ಹೆಚ್ಚು ದಿನಗಳಾಗಿರಲಿಲ್ಲ, ಹಾಸ್ಟೆಲಿನಿಂದ ಫೋನು ಮಾಡಿದಳು. "ಅಕ್ಕಾ, ಒಬ್ಬಾಕಿ ಬಯಾಲಜಿ ಬಿಟ್ಟು ಹೋಗ್ಯಾಳ. ಆ ಸೀಟು ನಂಗ ಕೊಡ್ತಾರಂತ. ಪಾಲಕರು ಬಂದು ಸಹಿ ಮಾಡ್ಬೇಕು. ಶನಿವಾರದ ತನಕ ಟೈಮ್ ಅದ. ಬರ್ತಿ ಅಲ್ಲ?"

ಪಂಚಮಿ ಹತ್ತಿರವಿತ್ತು. ಹೊಲಿಗೆಯ ಬಟ್ಟೆ ರಾಶಿ ಬಿದ್ದಿತ್ತು. "ಬರ್ತೇನಿ," ಎಂದೆ. ಶುಕ್ರವಾರ ಜಂಪರುಗಳ ನೆಪ ಹೇಳಿ, ಬರಲಾಗುವುದಿಲ್ಲ ಎಂದೆ. ಬಟ್ಟೆ ರಾಶಿಯಿದ್ದದ್ದು ನಿಜ, ಹಬ್ಬ ಹತ್ತಿರವಿದ್ದದ್ದೂ ನಿಜ. ಆದರೆ ನಿಜವಾದ ಕಾರಣ ಆ ಕಿಟಕಿ. ಅವಳನ್ನು ಪಕ್ಕಕ್ಕಿಟ್ಟುಕೊಂಡು ಅಲ್ಲಿ ನಿಂತರೆ ಗುಮಾಸ್ತರು ಕೇಳದೆ ಬಿಡುತ್ತಿರಲಿಲ್ಲ: ಹುಡುಗಿಯೇ ಕಂಪ್ಯೂಟರ್ ಹೇಳಿದ್ದಾಳೆ ಎಂದಿರಲ್ಲ? ಮೊದಲನೆಯ ತಪ್ಪಿನಲ್ಲಾದರೂ ಅವಳು ಸುಖವಾಗಿರಲಿ ಎಂಬ ಆಸೆಯಿತ್ತು. ಎರಡನೆಯದರಲ್ಲಿ ನನ್ನ ಮಾನ ಉಳಿಸಿಕೊಳ್ಳುವುದು ಬಿಟ್ಟು ಬೇರೇನೂ ಇರಲಿಲ್ಲ.

ಎರಡು ವರ್ಷ ಓದಿದಳು, ಪಾಸಾದಳು. ಜೊತೆಯ ಹುಡುಗಿಯರು ಬೀದರಿನ ಪಶುವೈದ್ಯ ಕಾಲೇಜಿಗೆ ಅರ್ಜಿ ಹಾಕುವಾಗ ಅವರ ಫೋಟೊಗಳನ್ನು ಕತ್ತರಿಸಿ ಅಂಟಿಸಿ ಕೊಟ್ಟಳಂತೆ. ಈಗ ಅವಳು ಬೀದರಿಗೆ ಹೊಂದಿಕೊಂಡ ನೌಬಾದದಲ್ಲಿ ಅಪ್ಪನ ಜೊತೆ ಇದ್ದಾಳೆ. ಆನ್‌ಲೈನ್ ಅರ್ಜಿ ತುಂಬಿಕೊಡುವ ಒಂದು ಅಂಗಡಿಯಲ್ಲಿ ಕೆಲಸ. ಕುರ್ಚಿ ಇದೆ, ತಲೆಯ ಮೇಲೆ ಫ್ಯಾನಿದೆ. ಹೋದ ಸಲ ತಂದುಕೊಟ್ಟ ಜಂಪರು ತೋಳಿನ ಅಂಚಿನಲ್ಲಿ ಸವೆದಿತ್ತು. ಪಟ್ಟಿ ಹಚ್ಚಲು ಕುಳಿತವಳು ಹಚ್ಚಲಾಗದೆ ಮಡಚಿಟ್ಟೆ.

ಮೊನ್ನೆ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಅವಳ ಅಂಗಡಿಗೆ ಹೋಗಿದ್ದೆ. ನನ್ನನ್ನು ಕಂಡದ್ದೇ, "ಕರಾ ಹ್ಯಾಂಗದ? ಗಬ್ಬ ಆದ ಮ್ಯಾಲ ಮೇವು ತಿನ್ಲತ್ತದಿಲ್ಲೋ?" ಎಂದಳು. ಆ ದಿನ ಹುಟ್ಟಿದ ಎಮ್ಮೆಕರುವನ್ನು ಅವಳು ಇನ್ನೂ ಕರು ಎಂದೇ ಕರೆಯುತ್ತಾಳೆ. ಅದೀಗ ತಾನೇ ತಾಯಿಯಾಗಲಿದೆ.

ಬಗದಲ್ ಎಂಬ ಹಳ್ಳಿಯಿಂದ ಒಬ್ಬ ರೈತ ಹತ್ತನೆಯ ತರಗತಿ ಮುಗಿಸಿದ ಮಗಳನ್ನು ಕರೆದುಕೊಂಡು ಬಂದಿದ್ದ. ಹುಡುಗಿ ಅವನ ಬೆನ್ನ ಹಿಂದೆ ನಿಂತಿದ್ದಳು.

"ಕಾಮರ್ಸ್ ಹಾಕ್ರಿ ಮೇಡಂ. ಮಂದಿ ಎಲ್ಲಾ ಅದನ್ನೇ ಹಾಕ್ಲತ್ತಾರ."

ತಂಗಿ ಕೀಲಿಮಣೆಯಿಂದ ಕೈ ತೆಗೆದಳು. "ಕಾಕಾ, ಓದಾವ್ರು ನೀವಾ, ಅಕೀನಾ? ನೀ ಮುಂದ ಬಾರವ್ವಾ. ನಿಂಗ ಏನು ಬೇಕು?"

ಹುಡುಗಿ ಅಪ್ಪನ ಮುಖ ನೋಡಿ, ನೆಲ ನೋಡಿ, "ಸೈನ್ಸ್," ಎಂದಳು. ಅವನು ತಲೆ ಕೆರೆದುಕೊಂಡ. "ಹಂಗಾದ್ರ ಒಂದ್ ವಾರ ವಿಚಾರ ಮಾಡಿ ಬರ್ತೀವ್ರಿ."

"ವಾರ ಬ್ಯಾಡ್ರಿ ಕಾಕಾ, ನಾಳೀನೇ ಬರ್ರಿ. ಕೊನೀ ದಿನದ ತನಕ ಬಿಟ್ರ ನನ್ನಂಗ ಆಗ್ತದ. ನಾ ಎಮ್ಮಿ ಬಾಣಂತನ ಮಾಡ್ಕೋತ ಮನ್ಯಾಗ ಕುಂತೆ, ಸೀಟು ತುಂಬಿ ಹೋದ್ವು. ದನದ ಡಾಕ್ಟರ್ ಆಗಾಕಿ, ನಿಮ್ಮ ಅರ್ಜಿ ಬರ್ಕೋತ ಕುಂತೀನಿ ನೋಡ್ರಿ!"

ಅವಳು ನಕ್ಕಳು. ಅವರೂ ನಕ್ಕರು. ಎಷ್ಟು ಜನರಿಗೆ ಹೀಗೆ ಹೇಳಿರಬೇಕು! ಮಾತು ಅಷ್ಟು ಸಲೀಸಾಗಿ ಬಂತು. ನಾನು ಹೇಳಿದ ಸುಳ್ಳನ್ನು ಅವಳು ತನ್ನ ತಪ್ಪು ಮಾಡಿಕೊಂಡು, ಬಂದವರಿಗೆಲ್ಲ ಬುದ್ಧಿಮಾತಾಗಿ ಹಂಚುತ್ತಿದ್ದಳು.

ಅವರು ಹೋದ ಮೇಲೆ ಬುತ್ತಿ ಬಿಚ್ಚಿದಳು. ರೊಟ್ಟಿ ಮುರಿದು ಮೊದಲ ತುತ್ತನ್ನು ನನ್ನ ಕಡೆಗೇ ಚಾಚಿದಳು. ನಾನು ಆ ಕೈ ಹಿಡಿದುಕೊಂಡೆ.

"ಯಾಕಕ್ಕಾ? ಯಾಕ ಅಳ್ಲತ್ತಿ?"

"ಸೀಟು ತುಂಬಿರ್ಲಿಲ್ಲ," ಎಂದೆ. "ನೀ ಎಮ್ಮಿ ಹತ್ರ ಕುಂತಿದ್ದಕ್ಕ ಏನೂ ಹೋಗಿಲ್ಲ. ಬಯಾಲಜಿ ಬರೀಲೇನು ಅಂತ ಅವ್ರು ಕೇಳಿದ್ರು, ನಾನೇ ಕಂಪ್ಯೂಟರ್ ಅಂದೆ. ನೀ ಸಹಿಗಿ ಕರದಾಗ ಬೇಕಂತ್ಲೇ ಬರ್ಲಿಲ್ಲ. ತಪ್ಪು ನಂದು. ನಿಂದಲ್ಲ, ಆ ಎಮ್ಮೀದೂ ಅಲ್ಲ. ನನ್ನ ಮಾಫ್ ಮಾಡವ್ವಾ."