ಯಾವ ಸಂಗು?

ಒಂದು ಕಡಲಿನ ಪ್ರಾಣಿ ಶಂಖ, ಇನ್ನೊಂದು ಬೇಲಿಯ ಹೂಬಳ್ಳಿ. ಎರಡಕ್ಕೂ ಸಂಗು ಎಂದು ಹೆಸರಿಟ್ಟವನು ಸಿಕ್ಕಿದ್ದರೆ ಅವನ ನಾಲಿಗೆ ಕಿತ್ತುಬಿಡುತ್ತಿದ್ದೆ.

ಹತ್ತಿ ಗಾಡಿ ಹೊಡೆಯುತ್ತಿದ್ದ ನನ್ನಪ್ಪ ತೂತುಕುಡಿಯಿಂದ ಸಣ್ಣದೊಂದು ಸಂಗಿನ ಚಿಪ್ಪು ತಂದು, ನನ್ನ ಚೊಚ್ಚಲ ಮಗಳಿಗೆ ಹಾಲು ಹನಿಸಲು ಕೊಟ್ಟ. ಅದರೊಳಗಿನ ಜೀವ ಮರಳಲ್ಲಿ ತೆವಳುತ್ತದೆ, ಹುಳು ತಿನ್ನುತ್ತದೆ, ಮೊಟ್ಟೆ ಇಡುತ್ತದೆ, ಸತ್ತರೆ ಮೂಗು ಬಿಡಲಾಗದಷ್ಟು ನಾರುತ್ತದೆ ಎಂದಿದ್ದ. ಬೇಲಿಯ ಸಂಗು ನೀಲಿ ಹೂವು. ಬಿಸಿಲೇರಿದರೆ ಬಾಡುತ್ತದೆ. ಬೇರು ಮಾತ್ರ ದೊಡ್ಡವರ ಹೊಟ್ಟೆಯನ್ನೇ ಕದಡುವ ಭೇದಿಮದ್ದು. ಹೂವಿನ ಆಕಾರ ಚಿಪ್ಪನ್ನು ಹೋಲುತ್ತದಂತೆ. ಅಷ್ಟಕ್ಕೇ ನೆಂಟಸ್ತನವೇ?

ತಮಿಳು ಸೀಮೆಯ ಕೊಂಬೈ ಊರಿನ ನನ್ನ ಗಂಡನ ಮನೆಯಲ್ಲಿ ಒಂದು ಕಟ್ಟುಪಾಡಿತ್ತು. ಸಾವಿನಲ್ಲಿ ಊದುವ ಸಂಗಿನ ಹೆಸರನ್ನು ತೊಟ್ಟಿಲ ಬಳಿ ಆಡಬಾರದು. ಹಾಗಾಗಿ ಚಿಪ್ಪಿಗೆ ಪಾಲಾಡೆ ಎನ್ನುತ್ತಿದ್ದರು. ಸಂಗು ಎಂದರೆ ಬಳ್ಳಿ ಮಾತ್ರ.

ಮಗುವಿಗೆ ಹೊಟ್ಟೆನೋವು ಬಂತು. ನಮ್ಮ ಕಟ್ಟುಪಾಡು ಅರಿಯದ ತಮಿಳಿನ ಸೂಲಗಿತ್ತಿ ನೋಡಿ, "ಸಂಗೆ ಪಾಲ್ಲ ಒರಸಿ ಕುಡು" ಎಂದು ಹೇಳಿ ಹೋದಳು. ಸಂಗನ್ನು ಹಾಲಲ್ಲಿ ತೇಯ್ದು ಕೊಡು ಎಂದು. ಅತ್ತೆ ನೇರ ಬೇಲಿಗೆ ಹೋಗಿ ಬಳ್ಳಿಯ ಬೇರು ಕಿತ್ತು ತಂದರು.

"ಅತ್ತೆ, ಅವಳು ಹೇಳಿದ್ದು ಪಾಲಾಡೇನ. ಚಿಪ್ಪ ತೇಯಬೇಕು," ಎಂದೆ.

"ಬಾಯಿ ಮುಚ್ಚೆ! ಚಿಪ್ಪ ಯಾರಾದ್ರೂ ಕೂಸಿಗೆ ಕುಡಿಸ್ತಾರಾ? ನಿನ್ನ ಗಂಡನ್ನ ಸಾಕಿದೋಳು ನಾನು."

ಆ ಗಂಡ ಮೇಲೆ ಬೆಟ್ಟದಲ್ಲಿ ಅಣೆಕಟ್ಟಿಗೆ ಕಲ್ಲು ಹೊರುತ್ತಿದ್ದ. ಬಾಣಂತಿಯ ಮಾತಿಗೆ ಬೆಲೆ ಕೊಡುವವರು ಯಾರು? ನನ್ನ ಮಡಿಲಿಂದ ಮಗುವನ್ನು ಎಳೆದುಕೊಂಡು ಬೇರಿನ ರಸ ಕುಡಿಸಿದರು. ಮಧ್ಯಾಹ್ನದಿಂದ ಭೇದಿ. ದೀಪ ಹಚ್ಚುವ ಹೊತ್ತಿಗೆ ಮಗು ಹೋಯಿತು.

ಹಣೆಬರಹ ಎಂದರು ಅತ್ತೆ. ಬಂದವರೆಲ್ಲ ತಲೆಯಾಡಿಸಿದರು. ಹಣೆಬರಹವಂತೆ! ಹಲ್ಲು ಬಾರದ ಕೂಸಿಗೆ ಸಂಗು ಊದುವ ಪದ್ಧತಿಯಿಲ್ಲವೆಂದು ಸದ್ದಿಲ್ಲದೆ ಹೂಳಿ ಬಂದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಇಂದಿಗೂ ಆರಿಲ್ಲ.

ಕೆಲವು ವರ್ಷಗಳ ಮೇಲೆ ಅತ್ತೆ ತೀರಿಕೊಂಡರು. ಹೆಣ ಎತ್ತುವ ಮುಂಚೆ ಅಂಗಳದಲ್ಲಿ ಹಿರಿಯರು ಕೂಗಿದರು: "ಸಂಗೆಲ್ಲಿ? ಸಂಗು ತನ್ನಿರೋ!"

ಒಬ್ಬನಾದರೂ ಬೇಲಿಯ ಕಡೆ ಹೋಗಲಿಲ್ಲ.